ನಾನೇ ಹಾಕಿದ್ದು, ನಾನೇ ತೆಗೀತೇನೆ

ಶುಕ್ರವಾರ, ಬೆಳಗಿನ ಜಾವ ನಾಲ್ಕೂಮುಕ್ಕಾಲು. ಕತಾರಿನ ಅಲ್ ರಯ್ಯಾನ್‌ನ ಪಶ್ಚಿಮದ ಅಂಚಿನಲ್ಲಿ, ಕ್ಲೀನಿಂಗ್ ಕಂಪನಿಯೊಂದರ ಹೆಂಗಸರ ವಸತಿಗೃಹದ ಗೇಟಿನ ಹೊರಗೆ, ಪಾಸ್ಕಲ್ ಮಥಾಯಸ್ ಮಡಚುವ ಟೇಬಲ್ಲಿನ ಕಾಲುಗಳನ್ನು ಬಿಡಿಸುತ್ತಿದ್ದಾರೆ. ಅಕ್ಟೋಬರ್ ಬಂದರೂ ಸೆಖೆ ಇಳಿದಿಲ್ಲ. ಕಾರಿನಿಂದ ಟೇಬಲ್, ಎರಡು ಪ್ಲಾಸ್ಟಿಕ್ ಸ್ಟೂಲು, ಚಾರ್ಜರಿನ ಉದ್ದನೆಯ ವಯರು ಇಳಿಸುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿದೆ. ವಾಚ್‌ಮನ್ ಗೇಟಿನೊಳಗಿನಿಂದ ಕರೆಂಟು ಎಳೆದುಕೊಡುತ್ತಾನೆ. ಸ್ಟೇಡಿಯಮ್ಮಿಗೆ ಹೋಗುವ ಬಸ್ಸು ಐದೂಮುಕ್ಕಾಲಿಗೆ. ಅಷ್ಟರೊಳಗೆ ಎಷ್ಟು ಜನ ಸಿಗುತ್ತಾರೋ ಅಷ್ಟೇ ಈ ದಿನದ ಕೆಲಸ.

ಯೂನಿಫಾರ್ಮ್ ತೊಟ್ಟು, ಒದ್ದೆ ಕೂದಲನ್ನು ಹಾಗೆಯೇ ಗಂಟು ಹಾಕಿಕೊಂಡು, ಚಹಾದ ಲೋಟ ಹಿಡಿದು ಮೊದಲನೆಯವಳು ಬರುತ್ತಾಳೆ. ನೇಪಾಳದ ಹುಡುಗಿ, ಕಳೆದ ವಾರವಷ್ಟೇ ಇಂಥದೇ ಇನ್ನೊಂದು ವಸತಿ ಕ್ಯಾಂಪಿನಿಂದ ಇಲ್ಲಿಗೆ ಬಂದಿದ್ದಾಳೆ. ಪಾಸ್ಕಲ್ ಎದ್ದು ನಿಲ್ಲುತ್ತಾರೆ. ಯಾರೇ ಬರಲಿ, ಪಾಸ್ಕಲ್ ಆಡುವ ಮೊದಲ ಮಾತು ಒಂದೇ. ಅದನ್ನು ಹಿಂದಿಯಲ್ಲಿ, ಮಲಯಾಳಂನಲ್ಲಿ, ತುಳುವಿನಲ್ಲಿ ಹೇಳಬಲ್ಲರು. ಈಚೆಗೆ ತಡವರಿಸುತ್ತಾ ನೇಪಾಳಿಯಲ್ಲೂ ಹೇಳಲು ಕಲಿತಿದ್ದಾರೆ. "ನಿಮ್ಮ ಫೋನಿಗೆ ಕೆಟ್ಟ ಆ್ಯಪ್ ಹಾಕಿದ್ದು ನಾನೇ. ತಪ್ಪಾಯ್ತು. ತೆಗೀಲಿಕ್ಕೆ ಬಿಡ್ತೀರಾ?"

ಅವರ ನೇಪಾಳಿ ಕೇಳಿ ಹುಡುಗಿ ಕಿಸಕ್ಕನೆ ನಗುತ್ತಾಳೆ. ಮಾತಿನ ಅರ್ಥ ಇಳಿದ ಮೇಲೆ ನಗು ನಿಲ್ಲುತ್ತದೆ. ಫೋನನ್ನು ಟೇಬಲ್ಲಿನ ಮೇಲಿಟ್ಟು ತನ್ನ ಕಡೆಗೇ ತಿರುಗಿಸಿಕೊಳ್ಳುತ್ತಾಳೆ. ಪಾಸ್ಕಲ್ ಅದನ್ನು ಮುಟ್ಟುವುದಿಲ್ಲ. ಎಲ್ಲಿ ಒತ್ತಬೇಕು ಎಂದು ಪೆನ್ನಿನ ತುದಿಯಿಂದ ತೋರಿಸುತ್ತಾರೆ, ಒತ್ತುವವಳು ಅವಳೇ. ನೀಲಿ ಬಣ್ಣದ ಒಂದು ಗುರುತು ಪರದೆಯಿಂದ ಮಾಯವಾಗುತ್ತದೆ. ಪಾಸ್ಕಲ್ ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆಯುತ್ತಾರೆ. ಮುನ್ನೂರ ಎಂಬತ್ತೊಂಬತ್ತು.

ಒಟ್ಟು ನಾನೂರ ಹದಿನೇಳು ಫೋನುಗಳು. ಅಷ್ಟಕ್ಕೂ ಆ ನೀಲಿ ಗುರುತಿನ ಆ್ಯಪ್ ಹಾಕಿಕೊಟ್ಟವರು ಪಾಸ್ಕಲ್. ಒಂದೂವರೆ ವರ್ಷದಿಂದ, ವಾರಕ್ಕೆ ಸಿಗುವ ಒಂದೇ ರಜೆಯಲ್ಲಿ, ಅದನ್ನು ಹುಡುಕಿ ಹುಡುಕಿ ತೆಗೆಸುತ್ತಿದ್ದಾರೆ. ಈ ಕೆಲಸವನ್ನು ಅವರಿಗೆ ಯಾರೂ ವಹಿಸಿಲ್ಲ. ಪತ್ರಿಕೆಯಲ್ಲಿ ಬರೆಯುತ್ತೇವೆ ಎಂದು ನಾವು ಕೇಳಿದಾಗ ಎರಡು ತಿಂಗಳು ಒಪ್ಪಲಿಲ್ಲ. ಕೊನೆಗೆ ಒಪ್ಪಿದ್ದು ಎರಡು ಷರತ್ತಿನ ಮೇಲೆ: ತಮ್ಮ ಹೆಸರು ಮರೆಮಾಚಬಾರದು, ತಾವು ಮಾಡಿದ ತಪ್ಪನ್ನು ಪೂರ್ತಿ ಬರೆಯಬೇಕು. "ಒಳ್ಳೆ ಮನುಷ್ಯ ಅಂತ ಬರೆದ್ರೆ ಅದು ಇನ್ನೊಂದು ಸುಳ್ಳಾಗ್ತದೆ ಮಾರಾಯ್ರೆ," ಎನ್ನುತ್ತಾರೆ.

ಪಾಸ್ಕಲ್‌ಗೆ ಈಗ ನಲವತ್ತೇಳು. ಊರು ಉಡುಪಿ ಸೀಮೆಯ ಮುದರಂಗಡಿ. ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಸೊಸೈಟಿಯೊಂದರಲ್ಲಿ ಕೆಲವು ವರ್ಷ ಗುಮಾಸ್ತರಾಗಿದ್ದು ಕತಾರಿಗೆ ಬಂದವರು. ಹೆಂಡತಿ ಲೊರ್ನಾ ದಂತವೈದ್ಯರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಒಬ್ಬಳೇ ಮಗಳು ಜೆಸಿಕಾ ಹತ್ತನೇ ತರಗತಿ. ಐನ್ ಖಾಲಿದ್‌ನ ಹಳೆಯ ವಿಲ್ಲಾವೊಂದನ್ನು ಐದು ಪಾಲು ಮಾಡಿದ್ದಾರೆ. ಅದರಲ್ಲೊಂದು ಪಾಲು, ಅಂದರೆ ಒಂದು ಕೋಣೆ ಮತ್ತು ಅಡುಗೆಗೊಂದು ಮೂಲೆ, ಇವರ ಮನೆ.

ಕ್ಲೀನಿಂಗ್ ಕಂಪನಿಯಲ್ಲಿ ಅವರು ಕ್ಯಾಂಪ್ ಕ್ಲರ್ಕ್ ಆಗಿದ್ದರು. ಯಾರಿಗೆ ಯಾವ ರೂಮು, ಯಾರ ವೀಸಾ ಎಂದು ಮುಗಿಯುತ್ತದೆ, ಯಾರಿಗೆ ಜ್ವರ ಎಂಬುದೆಲ್ಲ ಅವರ ಟೇಬಲ್ಲಿಗೇ ಬರುತ್ತಿತ್ತು. ಹೆಂಗಸರು "ಪಾಸ್ಕಲ್ ಸರ್‌ಗೆ ಹೇಳಿದರೆ ಆಗುತ್ತದೆ" ಎನ್ನುತ್ತಿದ್ದರು. ಆ ಮಾತು ತಮಗೆ ಬಹಳ ಸಿಹಿಯಾಗಿತ್ತು ಎಂದು ಅವರು ಈಗ ತಲೆ ತಗ್ಗಿಸಿ ಹೇಳುತ್ತಾರೆ.

2019ರಲ್ಲಿ ಫುಟ್‌ಬಾಲ್ ವಿಶ್ವಕಪ್ಪಿನ ಕಾಮಗಾರಿ ಜೋರಾಯಿತು. ಕಂಪನಿಗೆ ಒಂದರ ಮೇಲೊಂದು ಹೊಸ ಗುತ್ತಿಗೆ ಬಂತು, ಕ್ಯಾಂಪಿಗೆ ವಾರವಾರವೂ ಹೊಸ ಹೆಂಗಸರು ಬಂದರು. ನಾಳೆಯ ಡ್ಯೂಟಿ ಎಲ್ಲಿ, ಬಸ್ಸು ಎಷ್ಟು ಗಂಟೆಗೆ ಎಂಬುದೆಲ್ಲ ಫೋನಿಗೇ ಬರಬೇಕೆಂದು ಮ್ಯಾನೇಜರ್ ಆದೇಶ ಮಾಡಿದರು. ಎಲ್ಲರ ಫೋನಿಗೂ ಒಂದು ಮೆಸೇಜ್ ಆ್ಯಪ್ ಹಾಕಿಸುವ ಹೊಣೆ ಪಾಸ್ಕಲ್ ತಲೆಗೆ ಬಂತು.

ಫೋನಿನಲ್ಲೇ ಇರುವ ಅಧಿಕೃತ ಸ್ಟೋರ್‌ನಿಂದ ಹಾಕಿಸುವುದೆಂದರೆ ಸುಲಭದ ಕೆಲಸವಾಗಿರಲಿಲ್ಲ. ಮೊದಲು ಇಮೇಲ್ ವಿಳಾಸ ಬೇಕು, ಅದಕ್ಕೆ ಪಾಸ್‌ವರ್ಡ್, ಆಮೇಲೆ ಫೋನಿಗೆ ಬರುವ ಕೋಡ್. ಬಹುತೇಕ ಹೆಂಗಸರಿಗೆ ಇಮೇಲ್ ಇರಲಿಲ್ಲ. ಕೆಲವರ ಹಳೆಯ ಫೋನುಗಳಲ್ಲಿ ಆ ಸ್ಟೋರ್ ತೆರೆದುಕೊಳ್ಳುತ್ತಲೇ ಇರಲಿಲ್ಲ. ಒಬ್ಬೊಬ್ಬರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು, ಹೊರಗೆ ಕ್ಯೂ ಬೆಳೆಯುತ್ತಿತ್ತು. ಆಗ ಮೊಬೈಲ್ ಅಂಗಡಿಯವನೊಬ್ಬ ಇವರಿಗೆ ಇನ್ನೊಂದು ದಾರಿ ತೋರಿಸಿದ. ಹೊರಗಿನ ಬೇರೊಂದು ಆ್ಯಪ್ ಸ್ಟೋರ್. ಅಕೌಂಟ್ ಬೇಡ, ಪಾಸ್‌ವರ್ಡ್ ಬೇಡ. ಬೇಕಾದ ಆ್ಯಪನ್ನು ಒಮ್ಮೆ ಇಳಿಸಿಕೊಂಡರೆ ವಯರಿನಿಂದ ಎಷ್ಟು ಫೋನಿಗೆ ಬೇಕಾದರೂ ದಾಟಿಸಬಹುದು. ಆ ಸಂಜೆಯೇ ಪಾಸ್ಕಲ್ ಅರುವತ್ತು ಫೋನು ಮುಗಿಸಿದರು. ಮ್ಯಾನೇಜರ್ ಬೆನ್ನು ತಟ್ಟಿದರು. ವರ್ಷದ ಕೊನೆಗೆ ಒಂದು ಸರ್ಟಿಫಿಕೇಟೂ ಬಂತು.

ಊರಿಗೆ ವೀಡಿಯೋ ಕಾಲ್ ಮಾಡುವ ಆ್ಯಪ್ ಬೇಕೆಂದು ಹೆಂಗಸರೇ ಕೇಳಿದರು. ಅದನ್ನೂ ಅಲ್ಲಿಂದಲೇ ಇಳಿಸಿದರು. ಎಲ್ಲರೂ ಬಳಸುವ ಆ್ಯಪಿನದೇ ಹೆಸರು, ಅದೇ ನೀಲಿ ಗುರುತು. ಹಾಕುವಾಗ ಅದು ಒಂದೊಂದಾಗಿ ಅನುಮತಿ ಕೇಳುತ್ತಿತ್ತು: ಕಾಂಟ್ಯಾಕ್ಟ್‌ಗಳನ್ನು ನೋಡಬಹುದೇ, ಫೋಟೋಗಳನ್ನು ನೋಡಬಹುದೇ, ಮೆಸೇಜ್‌ಗಳನ್ನು ಓದಬಹುದೇ. ಫೋನಿನ ಒಡತಿ ಎದುರಿಗೇ ನಿಂತಿರುತ್ತಿದ್ದಳು. ಪಾಸ್ಕಲ್ ಅವಳನ್ನು ಕೇಳಲಿಲ್ಲ. ತಮ್ಮ ಹೆಬ್ಬೆರಳಿನಿಂದ ಹೌದು, ಹೌದು, ಹೌದು ಎಂದು ಒತ್ತುತ್ತಾ ಹೋದರು. "ಅವರ ಮನೆ ಬಾಗಿಲನ್ನು ನಾನು ತೆಗೆದುಕೊಟ್ಟ ಹಾಗೆ. ಓದಿ ಹೇಳಲಿಕ್ಕೆ ಎರಡು ನಿಮಿಷ ಬೇಕಿತ್ತು, ಅಷ್ಟೇ. ನನಗೆ ಅರ್ಜೆಂಟು."

ಎರಡು ವರ್ಷ ಏನೂ ಆಗಲಿಲ್ಲ. 2021ರ ಫೆಬ್ರವರಿಯಲ್ಲಿ ಖೈರುನ್ನಿಸಾ ಅವರ ಟೇಬಲ್ಲಿನೆದುರು ಬಂದು ನಿಂತರು.

ಖೈರುನ್ನಿಸಾ ಎಂಬುದು ಅವರ ನಿಜವಾದ ಹೆಸರಲ್ಲ. ಮಧ್ಯ ಕರ್ನಾಟಕದ ಊರೊಂದರವರು, ಗಂಡನನ್ನು ಕಳೆದುಕೊಂಡವರು. ಮಗಳನ್ನು ಮೈದುನನ ಮನೆಯಲ್ಲಿ ಬಿಟ್ಟು, ಅವಳ ಕಾಲೇಜಿಗೆಂದು ಇಲ್ಲಿ ಶಾಲೆಯೊಂದರ ನೆಲ ಒರೆಸುತ್ತಿದ್ದರು. ಕ್ಯಾಂಪಿನಲ್ಲಿ ಪಾಸ್ಕಲ್ ಜೊತೆ ಕನ್ನಡ ಮಾತಾಡುತ್ತಿದ್ದ ಮೂರು ನಾಲ್ಕು ಜನರಲ್ಲಿ ಒಬ್ಬರು. ಆ ದಿನ ಫೋನನ್ನು ಟೇಬಲ್ಲಿನ ಮೇಲಿಟ್ಟು ತೋರಿಸಿದರು. ಗೊತ್ತಿಲ್ಲದ ನಂಬರಿನಿಂದ ಫೋಟೋ ಬಂದಿತ್ತು. ಮುಖ ಇವರದು, ಮೈ ಬೇರೆ ಯಾರದೋ. ಇವರ ಫೋನಿನಲ್ಲಿದ್ದ ಎಲ್ಲ ಹೆಸರುಗಳ ಪಟ್ಟಿಯೂ ಅದರ ಜೊತೆಗಿತ್ತು. ಹೇಳಿದಷ್ಟು ದುಡ್ಡು ಹಾಕದಿದ್ದರೆ ಪಟ್ಟಿಯಲ್ಲಿರುವ ಎಲ್ಲರಿಗೂ ಈ ಫೋಟೋ ಹೋಗುತ್ತದೆ ಎಂಬ ಬೆದರಿಕೆ.

"ಸರ್, ನೀವು ಹಾಕಿಕೊಟ್ರಲ್ರಿ, ಅದರಾಗಿಂದ ಬಂತೇನ್ರಿ ಇದು?" ಎಂದು ಕೇಳಿದರು.

ಆ ಹೊತ್ತಿನದನ್ನು ಪಾಸ್ಕಲ್ ಮುಚ್ಚಿಡದೆ ಹೇಳುತ್ತಾರೆ. ಮೊದಲು ಕಣ್ಣ ಮುಂದೆ ಬಂದದ್ದು ಆ ಹೆಂಗಸಿನ ಗತಿಯಲ್ಲ, ತಮ್ಮ ನೌಕರಿ. ಆಮೇಲೆ ಜೆಸಿಕಾಳ ಶಾಲೆ, ಮೂವರ ವೀಸಾ. "ನಾನು ಹಾಕಿದ್ದರಲ್ಲಿ ಹಾಗೆಲ್ಲ ಬರೂದಿಲ್ಲ. ನೀವೇ ಎಲ್ಲಿಯೋ ಏನೋ ಒತ್ತಿರಬೇಕು," ಎಂದುಬಿಟ್ಟರು.

ತಾನು ಏನೂ ಒತ್ತಿಲ್ಲ ಎಂದು ಖೈರುನ್ನಿಸಾ ಮೂರು ಸಲ ಹೇಳಿದರು. ಮೂರನೆಯ ಸಲ ಹೇಳುವಾಗ ದನಿ ತೀರ ಸಣ್ಣದಾಗಿತ್ತು. ಮರುದಿನ ಮ್ಯಾನೇಜರ್ ವಿಚಾರಿಸಿದಾಗ, ಆಕೆ ಯಾವುದೋ ಕೆಟ್ಟ ಸೈಟಿಗೆ ಹೋಗಿರಬೇಕೆಂದು ಪಾಸ್ಕಲ್ ವರದಿಯನ್ನೂ ಬರೆದರು. ಅದಾಗಿ ಎರಡು ದಿನಕ್ಕೆ ಫೋಟೋ ಎಲ್ಲರಿಗೂ ಹೋಯಿತು. ಮೈದುನನಿಗೆ, ಮಸೀದಿಯ ಹಿರಿಯರಿಗೆ, ಮಗಳ ಗೆಳತಿಯರಿಗೆ. ಮೈದುನ ಮಗಳನ್ನು ಕಾಲೇಜು ಬಿಡಿಸಿದ. ವಾರ ಕಳೆಯುವುದರೊಳಗೆ ಖೈರುನ್ನಿಸಾ ಕೆಲಸ ಬಿಟ್ಟು ಊರಿಗೆ ಹೊರಟರು. ಏರ್‌ಪೋರ್ಟಿಗೆ ಹೋಗುವ ವ್ಯಾನು ಹತ್ತುವ ಮುಂಚೆ ಪಾಸ್ಕಲ್ ಟೇಬಲ್ಲಿಗೆ ಬಂದು ಗೇಟ್ ಪಾಸ್ ಇಟ್ಟರು. ಪಾಸ್ಕಲ್ ತಲೆಯೆತ್ತದೆ ಸಹಿ ಪಡೆದರು.

ಮುಂದಿನ ತಿಂಗಳು ಅದೇ ಬಗೆಯ ಬೆದರಿಕೆ ಇಬ್ಬರು ಕೇರಳದ ಹೆಂಗಸರಿಗೆ ಬಂತು. ಆಗ ಪಾಸ್ಕಲ್ ಒಂದು ಫೋನನ್ನು ಕೇಳಿ ಪಡೆದು, ಅಲ್ ಅಜೀಜಿಯಾದಲ್ಲಿರುವ ಧನಂಜಯ ಎಂಬವರ ಮನೆಗೆ ಹೋದರು. ಧನಂಜಯ ಮೈಸೂರಿನವರು, ಬ್ಯಾಂಕೊಂದರ ಕಂಪ್ಯೂಟರ್ ಭದ್ರತೆಯ ವಿಭಾಗದಲ್ಲಿದ್ದಾರೆ. ಕನ್ನಡ ಸಂಘದಲ್ಲಿ ಪರಿಚಯ. ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಅವರು ಇಪ್ಪತ್ತು ನಿಮಿಷ ನೋಡಿದರು. ನೀಲಿ ಗುರುತಿನದು ನಕಲಿ ಆ್ಯಪ್. ವೀಡಿಯೋ ಕಾಲ್ ಚೆನ್ನಾಗಿಯೇ ಆಗುತ್ತದೆ. ಜೊತೆಜೊತೆಗೇ ಫೋನಿನ ಫೋಟೋ, ಹೆಸರು, ಮೆಸೇಜು ಎಲ್ಲವನ್ನೂ ಎಲ್ಲಿಗೋ ಕಳಿಸುತ್ತಿರುತ್ತದೆ.

ಅಧಿಕೃತ ಸ್ಟೋರ್‌ನಲ್ಲೂ ಕಳ್ಳ ಆ್ಯಪ್‌ಗಳು ನುಸುಳುತ್ತವೆ, ಹೊರಗಿನ ಸ್ಟೋರ್‌ಗಳೆಲ್ಲ ಕೆಟ್ಟವೂ ಅಲ್ಲ ಎಂದು ಧನಂಜಯ ಇವರಿಗೆ ಬಿಡಿಸಿ ಹೇಳಿದರು. ಆ್ಯಪಿನೊಳಗೆ ಏನಿದೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದಂಥ ಸ್ಟೋರ್ ಒಂದನ್ನು ಸ್ವತಃ ತಾವೂ ಬಳಸುತ್ತಾರಂತೆ. "ಸ್ಟೋರ್ ಯಾವುದು ಅನ್ನೋದಕ್ಕಿಂತ, ಒಳಗಡೆ ಬಿಡೋಕೆ ಮುಂಚೆ ಯಾರಾದ್ರೂ ನೋಡ್ತಾರಾ ಅನ್ನೋದು ಮುಖ್ಯ ಸಾರ್. ನಿಮ್ಮದರಲ್ಲಿ ಯಾರೂ ನೋಡಿಲ್ಲ. ಆ ಸ್ಟೋರಿನವರೂ ನೋಡಿಲ್ಲ, ನೀವೂ ನೋಡಿಲ್ಲ," ಎಂದರು. ಗದರಿಸುವ ದನಿಯಲ್ಲಿ ಅಂದದ್ದಲ್ಲ. ಹಾಗಾಗಿಯೇ ಪಾಸ್ಕಲ್‌ಗೆ ಅಲ್ಲಿ ಕೂತಿರಲು ಆಗಲಿಲ್ಲ. ಕೊಟ್ಟ ಕಾಫಿಯನ್ನು ಕುಡಿಯದೆ ಎದ್ದುಬಂದರು.

ಮಾರನೆಯ ದಿನ ಮ್ಯಾನೇಜರ್ ಎದುರು ನಿಂತು ಎಲ್ಲ ಒಪ್ಪಿಕೊಂಡರು. ತಾವು ಕೊಟ್ಟ ವರದಿ ಸುಳ್ಳು ಎಂದೂ ಹೇಳಿದರು. ಮ್ಯಾನೇಜರ್‌ಗೆ ಇದನ್ನು ಬೆಳೆಸುವುದು ಬೇಕಿರಲಿಲ್ಲ. ಹೋದವಳು ಹೋದಳು, ಖಲಾಸ್, ಇನ್ನು ಇದರ ಮಾತು ಬೇಡ ಎಂದರು. ಆ ಆ್ಯಪ್ ತೆಗೆಯಿರಿ ಎಂದು ಇಂಗ್ಲಿಷಿನಲ್ಲಿ ಒಂದು ನೋಟಿಸು ಗೋಡೆಗೆ ಅಂಟಿತು. ಅದನ್ನು ಓದಬಲ್ಲವರು ಆ ಕ್ಯಾಂಪಿನಲ್ಲಿ ಹತ್ತು ಜನ ಇರಲಿಲ್ಲ. ಪಾಸ್ಕಲ್‌ರನ್ನು ಕ್ಯಾಂಪ್ ಆಫೀಸಿನಿಂದ ಗೋಡೌನಿಗೆ ಹಾಕಿದರು. ಈಗ ಅವರ ಕೆಲಸ ಫಿನಾಯಿಲು, ಮಾಪು, ಕೈಗವಸು ಹೊರಗೆ ಕೊಡುವುದು. ಅದರ ಬಗ್ಗೆ ಅವರಿಗೆ ದೂರಿಲ್ಲ. ಗೋಡೌನಿಗೆ ಹೋಗುವ ಮುಂಚೆ ಹಳೆಯ ರಿಜಿಸ್ಟರಿನಿಂದ ಆ ನಾನೂರ ಹದಿನೇಳು ಹೆಸರುಗಳನ್ನು ಕೈಯಲ್ಲೇ ಬರೆದುಕೊಂಡರು.

ಆ ಹೆಸರುಗಳ ಬೆನ್ನು ಹತ್ತಿ ಹೋಗುವುದೇ ದೊಡ್ಡ ಕೆಲಸವಾಯಿತು. ಕೆಲವರು ಬೇರೆ ಕ್ಯಾಂಪಿಗೆ, ಕೆಲವರು ಬೇರೆ ಕಂಪನಿಗೆ ಹೋಗಿದ್ದರು, ಕೊರೊನಾ ಸಮಯದಲ್ಲಿ ಊರು ಸೇರಿದವರೂ ಇದ್ದರು. ಶ್ರೀಲಂಕಾದ ಒಬ್ಬಾಕೆಗೆ ವೀಡಿಯೋದಲ್ಲಿ ತೋರಿಸಿ ತೋರಿಸಿ ತೆಗೆಸಲು ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಬೈದವರಿದ್ದಾರೆ. ಒಬ್ಬಾಕೆ ಲೋಟದ ನೀರನ್ನು ಮುಖಕ್ಕೆ ಎರಚಿದಳು. ಆಕೆಯ ಅಕ್ಕನ ಫೋಟೋವನ್ನೂ ಕಳ್ಳರು ಬಳಸಿದ್ದರು. ಪಾಸ್ಕಲ್ ಮುಖ ಒರೆಸಿಕೊಂಡು ಮುಂದಿನವರನ್ನು ಕರೆದರು. ತೆಗೆಸಿದ ಮೇಲೆ ಪ್ರತಿಯೊಬ್ಬರಿಗೂ ಅವರದೇ ಹೆಸರಿನಲ್ಲಿ ಇಮೇಲ್ ಮಾಡಿಸಿ, ಅಧಿಕೃತ ಸ್ಟೋರ್‌ನಿಂದ ಅಸಲಿ ಆ್ಯಪ್ ಹಾಕಿಸುತ್ತಾರೆ. ಪಾಸ್‌ವರ್ಡ್ ಒತ್ತುವಾಗ ಇವರು ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಒಬ್ಬರಿಗೆ ಅರ್ಧ ಗಂಟೆ. ಮೊದಲ ಸಲ ಇವರು ಕೊಡಲಾರದೆ ಹೋದ ಅದೇ ಅರ್ಧ ಗಂಟೆ.

ಖೈರುನ್ನಿಸಾ ಅವರ ನಂಬರು ಬದಲಾಗಿತ್ತು. ಅದೇ ಊರಿನ ಇನ್ನೊಬ್ಬಾಕೆಯ ಮೂಲಕ ಹೊಸ ನಂಬರು ಸಿಗಲು ವರ್ಷವೇ ಹಿಡಿಯಿತು. ಇವರ ದನಿ ಕೇಳಿದೊಡನೆ ಮೂರು ಸಲ ಕಾಲ್ ಕಟ್ ಮಾಡಿದರು. ನಾಲ್ಕನೆಯ ಸಲ ಪಾಸ್ಕಲ್ ಹೇಳುವುದನ್ನೆಲ್ಲ ಕೇಳಿಸಿಕೊಂಡು, "ನನಗ ಹೇಳಿ ಏನ್ ಮಾಡ್ಲಿ ಸರ್? ನಾ ಒತ್ತಿಲ್ಲ ಅನ್ನೋದು ನನಗ ಗೊತ್ತೈತ್ರಿ. ಹೇಳೋದಿದ್ರ ಅವರಿಗೆ ಹೇಳ್ರಿ," ಎಂದರು.

ಹಾಗೆ ಈ ವರ್ಷ ಮಾರ್ಚ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ, ನಮಾಜು ಮುಗಿದ ಮೇಲೆ, ಖೈರುನ್ನಿಸಾ ಅವರ ಫೋನಿನಿಂದ ವೀಡಿಯೋ ಕಾಲ್ ಬಂತು. ಆ ಕಡೆ ಚಾಪೆಯ ಮೇಲೆ ಮೈದುನ, ಮಸೀದಿಯ ಮೂವರು ಹಿರಿಯರು. ಬಾಗಿಲ ಬಳಿ ಖೈರುನ್ನಿಸಾ, ಅವರ ಹಿಂದೆ ಮಗಳು. ಈ ಕಡೆ ಐನ್ ಖಾಲಿದ್‌ನ ಒಂದೇ ಕೋಣೆ. ಜೆಸಿಕಾ ಮಂಚದ ಮೇಲೆ ಕೂತು ಪರೀಕ್ಷೆಗೆ ಓದುತ್ತಿದ್ದಳು. ನಡೆದದ್ದು ಲೊರ್ನಾಗೆ ಗೊತ್ತಿತ್ತು, ಮಗಳಿಗೆ ಗೊತ್ತಿರಲಿಲ್ಲ. ಹೊರಗೆ ಹೋಗಿ ಮಾತಾಡೋಣವೆಂದು ಪಾಸ್ಕಲ್ ಬಾಗಿಲವರೆಗೆ ನಡೆದರು. ಮತ್ತೆ ವಾಪಸ್ ಬಂದು ಗೋಡೆಗೆ ಒರಗಿ ನಿಂತರು. ಆ ಹೆಂಗಸಿನ ಮಾನ ಅವಳ ಮಗಳೆದುರೇ ಹೋಗಿದೆ, ನನ್ನದನ್ನು ಮಾತ್ರ ನಾನು ಯಾಕೆ ಬಚ್ಚಿಡಲಿ ಅಂದುಕೊಂಡೆ ಎನ್ನುತ್ತಾರೆ.

ಏನು ಹೇಳಬೇಕೆಂದು ಮೊದಲೇ ಬರೆದಿಟ್ಟುಕೊಂಡಿದ್ದ ಕಾಗದವನ್ನು ಅವರು ನೋಡಲಿಲ್ಲ. "ಆ ಫೋಟೋ ನಿಜ ಅಲ್ಲ. ಕಳ್ಳ ಆ್ಯಪ್ ಹಾಕಿದ್ದು ನಾನು. ಅವರು ಬಂದು ಕೇಳಿದ್ರು, ನಾನು ಸುಳ್ಳು ಹೇಳಿದೆ. ಕಂಪನಿಗೂ ಸುಳ್ಳು ಬರೆದುಕೊಟ್ಟೆ. ಅವರದ್ದು ಒಂದು ಚೂರೂ ತಪ್ಪಿಲ್ಲ," ಎಂದರು.

ಮೈದುನ ನೆಲ ನೋಡುತ್ತಾ ಕೂತ. ಹಿರಿಯರೊಬ್ಬರು, ನಿಮಗೆ ಹೆಣ್ಣುಮಕ್ಕಳು ಇದ್ದಾರೆಯೇ ಎಂದು ಕೇಳಿದರು.

"ಒಬ್ಬಳು. ಇಲ್ಲೇ ಇದ್ದಾಳೆ. ಕೇಳ್ತಾ ಇದ್ದಾಳೆ."

ಫೋನ್ ಕಟ್ ಮಾಡಿದವರು ಖೈರುನ್ನಿಸಾ.

ಜೆಸಿಕಾಗೆ ಕನ್ನಡ ಅಷ್ಟಕ್ಕಷ್ಟೇ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್. ಅರ್ಥವಾಗದ್ದನ್ನು ತಾಯಿಯ ಹತ್ತಿರ ಕೇಳಿ ತಿಳಿದುಕೊಂಡಳು. ಹತ್ತು ದಿನ ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ. ಹನ್ನೊಂದನೆಯ ದಿನ ಊಟಕ್ಕೆ ಕೂತಾಗ, ಆ ಆಂಟಿ ಬಂದು ಕೇಳಿದಾಗಲೇ ನಿಮಗೆ ಗೊತ್ತಿತ್ತಾ ಎಂದು ಕೊಂಕಣಿಯಲ್ಲಿ ಕೇಳಿದಳು. ಗೊತ್ತಿರಲಿಲ್ಲ, ಬರೀ ಅನುಮಾನ ಇತ್ತು ಎಂದು ಹೇಳಬಹುದಿತ್ತು. ಅಷ್ಟರಮಟ್ಟಿಗೆ ಅದು ಸತ್ಯವೂ ಆಗಿತ್ತು. ಪಾಸ್ಕಲ್ "ಗೊತ್ತಿತ್ತು" ಎಂದರು. ಜೆಸಿಕಾ ತಟ್ಟೆ ಎತ್ತಿಕೊಂಡು ಎದ್ದುಹೋದಳು. "ಈಗ ಮಾತಾಡ್ತಾಳೆ. ಆದ್ರೆ ಮುಂಚೆ ನನ್ನನ್ನು ನೋಡ್ತಿದ್ದ ಹಾಗೆ ನೋಡುದಿಲ್ಲ. ಅದು ಸರಿಯೇ," ಎನ್ನುತ್ತಾರೆ.

ಜೂನ್‌ನಲ್ಲಿ ಖೈರುನ್ನಿಸಾ ಅವರ ಮಗಳು ಮತ್ತೆ ಕಾಲೇಜಿಗೆ ಸೇರಿದಳು ಎಂದು, ನಂಬರು ಕೊಡಿಸಿದ್ದ ಆ ಊರಿನಾಕೆ ಹೇಳಿದರು. ಒಂದು ವರ್ಷ ಹೋದದ್ದು ಹೋಯಿತು. ತಾಯಿ ಹಾಸ್ಟೆಲ್ ಒಂದರಲ್ಲಿ ಅಡುಗೆ ಮಾಡುತ್ತಾರೆ, ಗಲ್ಫಿನ ಹೆಸರೆತ್ತುವುದಿಲ್ಲವಂತೆ. ಕ್ಷಮಿಸಿದೆ ಎಂದು ಅವರು ಹೇಳಿಲ್ಲ. ಪಾಸ್ಕಲ್ ಕೇಳಿಯೂ ಇಲ್ಲ.

ಐದೂ ಇಪ್ಪತ್ತು. ಬೆಳಕು ಹರಿಯುತ್ತಿದೆ. ಮುಂದಿನ ತಿಂಗಳು ವಿಶ್ವಕಪ್ಪಿಗೆಂದು ಇಲ್ಲಿಗೆ ಜಗತ್ತೇ ಬಂದಿಳಿಯಲಿದೆ. ಅದಕ್ಕಾಗಿ ಸ್ಟೇಡಿಯಮ್ಮಿನ ಲಕ್ಷಾಂತರ ಅಡಿ ನೆಲ ಫಳಫಳ ಹೊಳೆಯಬೇಕು. ಸುಳ್ಯ ಕಡೆಯ ಪೂವಕ್ಕ ಸ್ಟೂಲಿನ ಮೇಲೆ ಬಂದು ಕೂರುತ್ತಾರೆ. ಐವತ್ತು ದಾಟಿದವರು, ಕೊರೊನಾದಲ್ಲಿ ಊರಿಗೆ ಹೋದವರು ಹೋದ ತಿಂಗಳಷ್ಟೇ ಮರಳಿ ಬಂದಿದ್ದಾರೆ. ಪಾಸ್ಕಲ್ ತಮ್ಮ ತಪ್ಪನ್ನು ಹೇಳುತ್ತಾರೆ, ಪೂವಕ್ಕ ಹೂಂ ಎನ್ನುತ್ತಾರೆ. ನೀಲಿ ಗುರುತು ಹೋಗುತ್ತದೆ. ಇಮೇಲ್ ಅವರು ಊರಿನಲ್ಲೇ ಮಾಡಿಸಿಕೊಂಡು ಬಂದಿದ್ದಾರೆ. ಅಸಲಿ ಆ್ಯಪ್ ಇಳಿಯತೊಡಗುತ್ತದೆ. ಫೋನಿನ ಭಾಷೆ ಕನ್ನಡ. ಪೂವಕ್ಕ ಕನ್ನಡಕ ಏರಿಸಿಕೊಂಡು ಅಕ್ಷರ ಕೂಡಿಸಿ ಓದುತ್ತಾರೆ. ಕಾಂಟ್ಯಾಕ್ಟ್ ಕೇಳುವುದು ಯಾಕೆಂದು ವಿಚಾರಿಸಿ, ಉತ್ತರ ಒಪ್ಪಿಗೆಯಾದ ಮೇಲೆ ಒತ್ತುತ್ತಾರೆ. ಮುಂದಿನ ಪ್ರಶ್ನೆ ಫೋಟೋಗಳದ್ದು.

"ಇದಕ್ಕೆಂತಕ್ಕೆ ನನ್ನ ಫೋಟೋ?"

ಮನೆಯವರಿಗೆ ಫೋಟೋ ಕಳಿಸುವುದಿದ್ದರೆ ಬೇಕಾಗುತ್ತದೆ, ಇದು ಅಸಲಿಯೇ, ಹೌದು ಎಂದು ಒತ್ತಿದರೆ ತೊಂದರೆಯಿಲ್ಲ ಎಂದು ಪಾಸ್ಕಲ್ ವಿವರಿಸುತ್ತಾರೆ. ಬಸ್ಸು ಬಂದು ನಿಂತಿದೆ. ಡ್ರೈವರ್ ಹಾರ್ನ್ ಹೊಡೆದು "ಯಲ್ಲಾ, ಯಲ್ಲಾ" ಎನ್ನುತ್ತಿದ್ದಾನೆ. ಪೂವಕ್ಕ ಅವಸರ ಮಾಡುವುದಿಲ್ಲ.

"ಕಳಿಸುವ ದಿವಸ ಒತ್ತುತ್ತೇನೆ. ಈಗ ಬೇಡ. ನೀವು ಹೇಳಿದ್ರಿ ಅಂತ ಒತ್ತಲಿಕ್ಕೆ ಆಗುದಿಲ್ಲ," ಎಂದು ಬೇಡ ಎಂಬುದರ ಮೇಲೆ ಬೆರಳಿಟ್ಟು ಒತ್ತಿ, ಫೋನನ್ನು ಯೂನಿಫಾರ್ಮಿನ ಜೇಬಿಗೆ ಹಾಕಿಕೊಂಡು ಬಸ್ಸಿನ ಕಡೆ ನಡೆಯುತ್ತಾರೆ.

ಪಾಸ್ಕಲ್ ಟೇಬಲ್ ಮಡಚುತ್ತಾರೆ. ಪಟ್ಟಿಯಲ್ಲಿ ಇನ್ನು ಇಪ್ಪತ್ತೇಳು ಹೆಸರು. ಅದು ಮುಗಿದ ಮೇಲೆ ಏನು ಎಂದರೆ, ತಾನು ಹಾಕಿದ್ದು ಮುಗಿಯಬಹುದು, ಇನ್ನೊಂದು ಕ್ಯಾಂಪಿನಲ್ಲಿ ಇನ್ನೊಬ್ಬ ಕ್ಲರ್ಕು ಈಗಲೂ ಹಾಕುತ್ತಿರಬಹುದು, ಅವನೆದುರು ನಿಂತ ಹೆಂಗಸರು ಯಾಕೆ ಎಂದು ಕೇಳುವಂತಾದರೆ ಸಾಕು ಎನ್ನುತ್ತಾರೆ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ, ಮೆಲ್ಲಗೆ ಹೇಳುತ್ತಾರೆ:

"ನೋಡಿದ್ರಲ್ಲ, ಪೂವಕ್ಕ ನನ್ನನ್ನು ನಂಬಲಿಲ್ಲ. ಒಳ್ಳೇದಾಯ್ತು."